ಧಾವಕನಿಗೆ ಬಂದ ಹಣ: ‘ರತ್ನಾವಳಿ’ಯ ಕರ್ತೃತ್ವ ಮತ್ತು ಮಮ್ಮಟನ ಸಾಕ್ಷ್ಯ

‘ರತ್ನಾವಳಿ’ ಎಂಬ ಸಂಸ್ಕೃತ ನಾಟಕ ಕನೂಜಿನ ಅರಸ ಶ್ರೀಹರ್ಷನದಲ್ಲ, ಧಾವಕನೆಂಬ ಕವಿ ಅದನ್ನು ಬರೆದು ಹಣಕ್ಕಾಗಿ ಅರಸನ ಹೆಸರಿಗೆ ಬಿಟ್ಟುಕೊಟ್ಟ ಎಂಬ ಮಾತು ಸಾಹಿತ್ಯಚರಿತ್ರೆಯ ಕೈಪಿಡಿಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಅದಕ್ಕೆ ಆಧಾರವಾಗಿರುವುದು ಒಂದೇ ಒಂದು ವಾಕ್ಯಖಂಡ ಎಂಬುದು ಮಾತ್ರ ಮರೆತುಹೋಗಿದೆ. ಆ ವಾಕ್ಯಖಂಡ ಇರುವುದು ಮಮ್ಮಟನ ‘ಕಾವ್ಯಪ್ರಕಾಶ’ದ ಮೊದಲ ಉಲ್ಲಾಸದ ವೃತ್ತಿಯಲ್ಲಿ. ಅದನ್ನು ಅದರ ನೆರೆಯ ಮಾತುಗಳ ಜೊತೆಗಿಟ್ಟು ಓದಿದರೆ ಈ ಆರೋಪ ನಿಲ್ಲುವುದಿಲ್ಲ. ಕನ್ನಡದವರಿಗೆ ಇದು ದೂರದ ಕನೂಜಿನ ವ್ಯಾಜ್ಯವೇನೂ ಅಲ್ಲ. ನಮಗೆ ದೊರೆತಿರುವ ಮೊದಲ ಕನ್ನಡ ನಾಟಕ, ಸಿಂಗರಾರ್ಯನ ‘ಮಿತ್ರವಿಂದಾಗೋವಿಂದ’, ಇದೇ ‘ರತ್ನಾವಳಿ’ಯ ರೂಪಾಂತರ. ಅದು ಹುಟ್ಟಿದ ಚಿಕದೇವರಾಜ ಒಡೆಯರ ಆಸ್ಥಾನದಲ್ಲೂ (1673–1704) ಅರಸನ ಹೆಸರು ಹೊತ್ತ ಕೃತಿಗಳನ್ನು ನಿಜಕ್ಕೂ ಬರೆದವರು ಯಾರು ಎಂಬ ಪ್ರಶ್ನೆ ಇದ್ದೇ ಇದೆ.

ಮಮ್ಮಟ 11ನೆಯ ಶತಮಾನದ ಕಾಶ್ಮೀರದವನು. ಕನೂಜಿನ ಹರ್ಷ ಆಳಿದ್ದು 606ರಿಂದ 647ರವರೆಗೆ. ನಡುವೆ ನಾಲ್ಕು ಶತಮಾನಗಳ ಅಂತರವಿದೆ. ಕಾವ್ಯದಿಂದ ಕವಿಗೆ ಏನೇನು ಲಭಿಸುತ್ತದೆ ಎಂದು ಹೇಳುವ ಸಂದರ್ಭದಲ್ಲಿ ಮಮ್ಮಟ ಒಂದೊಂದು ಫಲಕ್ಕೂ ಒಂದೊಂದು ನಿದರ್ಶನ ಕೊಡುತ್ತಾನೆ. ಕೀರ್ತಿಗೆ ಕಾಳಿದಾಸಾದಿಗಳು. ಹಣಕ್ಕೆ ಶ್ರೀಹರ್ಷಾದಿಗಳಿಂದ ಪಡೆದ ಧಾವಕಾದಿಗಳು. ಅನರ್ಥಗಳು ತೊಲಗುವುದಕ್ಕೆ ಆದಿತ್ಯಾದಿಗಳಿಂದ ಪಡೆದ ಮಯೂರಾದಿಗಳು. ಮಮ್ಮಟ ಹೇಳಿರುವುದು ಇಷ್ಟೇ. ‘ರತ್ನಾವಳಿ’ಯ ಹೆಸರನ್ನು ಅವನು ಇಲ್ಲಿ ಎತ್ತುವುದಿಲ್ಲ. ಮಾರಾಟದ ಮಾತಿಲ್ಲ, ಹೆಸರು ಬಿಟ್ಟುಕೊಟ್ಟ ಮಾತೂ ಇಲ್ಲ.

ಹಾಗಾದರೆ ಮಾರಾಟದ ಕಥೆ ಬಂದದ್ದು ಎಲ್ಲಿಂದ? ಟೀಕಾಕಾರರಿಂದ. 18ನೆಯ ಶತಮಾನದ ನಾಗೇಶಭಟ್ಟ ತನ್ನ ‘ಉದ್ದ್ಯೋತ’ದಲ್ಲಿ, ಧಾವಕನೆಂಬ ಕವಿ ಶ್ರೀಹರ್ಷನ ಹೆಸರಿನಲ್ಲಿ ‘ರತ್ನಾವಳಿ’ಯನ್ನು ರಚಿಸಿ ಬಹಳ ಹಣ ಪಡೆದನೆಂದು ಬಿಡಿಸಿ ಹೇಳುತ್ತಾನೆ. ವ್ಯಾಕರಣದಲ್ಲಿ ನಾಗೇಶನ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ಮಮ್ಮಟನಿಂದ ಏಳು ಶತಮಾನ, ಹರ್ಷನಿಂದ ಹನ್ನೊಂದು ಶತಮಾನ ಈಚೆಗಿನ ಒಬ್ಬ ಪಂಡಿತ ಚರಿತ್ರೆಯ ಸಂಗತಿಯೊಂದನ್ನು ಆಧಾರ ಕೊಡದೆ ಹೇಳಿದಾಗ ಅದು ವ್ಯಾಖ್ಯಾನವಾಗುತ್ತದೆ, ದಾಖಲೆಯಾಗುವುದಿಲ್ಲ. ಪಿಷೆಲ್‌ನಂಥ ಸಮರ್ಥ ವಿದ್ವಾಂಸನೂ ಧಾವಕನ ಪಕ್ಷ ಹಿಡಿದದ್ದು ಇಂಥ ನೆಲದ ಮೇಲೆ ನಿಂತು. (‘ಮೃಚ್ಛಕಟಿಕ’ವನ್ನು ಶೂದ್ರಕನಿಂದ ಕಿತ್ತು ದಂಡಿಗೆ ಕೊಡಲು ಹೊರಟವನೂ ಇವನೇ. ಅರಸನ ಹೆಸರು ಕಂಡರೆ ಅದರ ಹಿಂದೆ ಬೇರೊಬ್ಬನನ್ನು ಹುಡುಕುವ ಚಾಳಿ ಆ ಕಾಲದ ಯುರೋಪಿನ ಪಂಡಿತರಲ್ಲಿ ಬಲವಾಗಿತ್ತು.)

ಈಗ ಆ ವಾಕ್ಯಖಂಡವನ್ನೇ ನೋಡೋಣ. ಹಣದ ನಿದರ್ಶನಕ್ಕೂ ಅನರ್ಥನಿವಾರಣೆಯ ನಿದರ್ಶನಕ್ಕೂ ಮಮ್ಮಟ ಬಳಸಿರುವ ರಚನೆ ಒಂದೇ. ಮೊದಲಲ್ಲಿ ಕೊಡುವವನು ಶ್ರೀಹರ್ಷ, ಪಡೆಯುವವನು ಧಾವಕ. ಎರಡನೆಯದರಲ್ಲಿ ಕೊಡುವವನು ಸೂರ್ಯ, ಪಡೆಯುವವನು ಮಯೂರ. ಮಯೂರನ ಕಥೆ ಎಲ್ಲರಿಗೂ ತಿಳಿದದ್ದೇ: ‘ಸೂರ್ಯಶತಕ’ ರಚಿಸಿ ಸೂರ್ಯನನ್ನು ಸ್ತುತಿಸಿದ, ರೋಗ ವಾಸಿಯಾಯಿತು. ಸ್ತುತಿ ಮಯೂರನದು, ಅನುಗ್ರಹ ಸೂರ್ಯನದು. ಧಾವಕ ನಾಟಕ ಬರೆದು ಹರ್ಷನಿಗೆ ಕರ್ತೃತ್ವವನ್ನು ಮಾರಿದ ಎಂಬುದೇ ಮೊದಲ ನಿದರ್ಶನದ ಅರ್ಥವಾಗಿದ್ದರೆ, ಅದೇ ರಚನೆಯ ಎರಡನೆಯ ನಿದರ್ಶನದ ಪ್ರಕಾರ ‘ಸೂರ್ಯಶತಕ’ಕ್ಕೆ ಸೂರ್ಯನೇ ಕರ್ತೃವೆಂದು ಹೆಸರು ಹಾಕಿಕೊಂಡಿರಬೇಕಾಗಿತ್ತು! ಹಾಗೆ ಓದಿದವರು ಯಾರೂ ಇಲ್ಲ. ಎರಡು ಸಮಾನ ವಾಕ್ಯಗಳಲ್ಲಿ ಒಂದಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ನ್ಯಾಯ ಕೊಡಲು ಕಾರಣವೇನು ಎಂದು ಧಾವಕವಾದಿಗಳು ಹೇಳಬೇಕು.

ಸಹಜವಾದ ಅರ್ಥ ಇಷ್ಟೇ: ಧಾವಕನೆಂಬ ಕವಿ ತನ್ನದೇ ಕಾವ್ಯದಿಂದ ಹರ್ಷನನ್ನು ಮೆಚ್ಚಿಸಿ ಹಣ ಪಡೆದ. ಆಸ್ಥಾನದ ಸಂಭಾವನೆ, ಅಷ್ಟೆ.

ಇನ್ನು ಪಾಠಾಂತರ. 1875ರಲ್ಲಿ ಕಾಶ್ಮೀರದಲ್ಲಿ ಹಸ್ತಪ್ರತಿಗಳನ್ನು ಹುಡುಕಿದ ಬ್ಯೂಲರ್‌ಗೆ ಅಲ್ಲಿಯ ‘ಕಾವ್ಯಪ್ರಕಾಶ’ದ ಪ್ರತಿಗಳಲ್ಲಿ ಧಾವಕನ ಜಾಗದಲ್ಲಿ ಹರ್ಷನ ಆಸ್ಥಾನಕವಿ ಬಾಣನ ಹೆಸರು ಕಂಡಿತು. ಮಮ್ಮಟನ ಊರಿನ ಪ್ರತಿಗಳಾದ್ದರಿಂದ ಅವುಗಳ ತೂಕ ಹೆಚ್ಚು. ‘ರತ್ನಾವಳಿ’ ಬಾಣನದೆಂದು ಫಿಟ್ಜ್‌ಎಡ್ವರ್ಡ್ ಹಾಲ್ ಅದಾಗಲೇ ಹೇಳಿದ್ದ. ಈ ಪಾಠ ಅವನ ಪಕ್ಷಕ್ಕೆ ಬಲ ತಂದಂತೆ ಕಂಡಿತು. ನನ್ನ ಓದಿನಲ್ಲಿ ಅದು ಆ ಪಕ್ಷವನ್ನೇ ಕೆಡಹುತ್ತದೆ. ಬಾಣ ಹರ್ಷನಿಂದ ಸಂಪತ್ತನ್ನೂ ಮನ್ನಣೆಯನ್ನೂ ಪಡೆದದ್ದು ಗುಟ್ಟಿನ ಸಂಗತಿಯಲ್ಲ, ‘ಹರ್ಷಚರಿತ’ದಲ್ಲಿ ಬಾಣನೇ ಹೇಳಿಕೊಂಡಿದ್ದಾನೆ. ಮೊದಲು ಅರಸ ಮುಖ ಕೊಡಲಿಲ್ಲ, ಆಮೇಲೆ ಒಲಿದ. ಹರ್ಷನಿಂದ ಹಣ ಪಡೆದ ಕವಿಗೆ ನಿದರ್ಶನ ಬೇಕಾದರೆ ಬಾಣನಿಗಿಂತ ಹತ್ತಿರದವನು ಯಾರು? ಮಮ್ಮಟ ಬರೆದದ್ದು ಬಾಣ ಎಂದೇ ಆದರೆ, ಕೃತಿ ಮಾರಿಕೊಂಡ ಕಥೆಗೆ ಅಲ್ಲಿ ಜಾಗವೇ ಇಲ್ಲ. ತನ್ನ ಹೆಸರನ್ನೂ ತನ್ನ ವಂಶವನ್ನೂ ಅಷ್ಟು ವಿಸ್ತಾರವಾಗಿ ಬರೆದುಕೊಂಡ ಸಂಸ್ಕೃತ ಕವಿಗಳು ವಿರಳ.

ಇಲ್ಲಿ ಕಡೆಗಣಿಸಲಾದ ಸಾಕ್ಷಿಯೊಬ್ಬನಿದ್ದಾನೆ: ಸೊಡ್ಢಲ. ಅವನು ಲಾಟದೇಶದವನು, ಕೊಂಕಣದ ಶಿಲಾಹಾರರ ಆಶ್ರಯದಲ್ಲಿದ್ದವನು, ಮಮ್ಮಟನದೇ ಶತಮಾನದವನು. ಅವನ ‘ಉದಯಸುಂದರೀಕಥೆ’ಯಲ್ಲಿ ಎರಡು ಸಂಗತಿಗಳಿವೆ. ಹರ್ಷ ಬಾಣನನ್ನು ನೂರು ಕೋಟಿ ಹೊನ್ನಿನಿಂದ ಪೂಜಿಸಿದನೆನ್ನುವುದು ಒಂದು. ವಿಕ್ರಮಾದಿತ್ಯ, ಮುಂಜ, ಭೋಜರ ಸಾಲಿನಲ್ಲಿ ಹರ್ಷನನ್ನೂ ಕವಿಯಾದ ಅರಸನೆಂದು ಎಣಿಸುವುದು ಇನ್ನೊಂದು. ಕೋಟಿಗಳ ಲೆಕ್ಕವನ್ನು ನಂಬಬೇಕಾಗಿಲ್ಲ. ಆದರೆ 11ನೆಯ ಶತಮಾನದಲ್ಲಿ, ಕಾಶ್ಮೀರದಿಂದ ಬಲುದೂರದ ಪಶ್ಚಿಮ ಕರಾವಳಿಯಲ್ಲೂ, ಹರ್ಷ ಕವಿಗೆ ಹಣ ಕೊಟ್ಟದ್ದೂ ಹರ್ಷನೇ ಕವಿಯಾಗಿದ್ದದ್ದೂ ಒಂದಕ್ಕೊಂದು ತೊಡಕಿಲ್ಲದೆ ಜೊತೆಯಾಗಿ ನೆನಪಿನಲ್ಲಿದ್ದವು. ಮಮ್ಮಟನ ಮಾತಿಗೆ ಸಮಕಾಲೀನ ಭಾಷ್ಯ ಬೇಕೆಂದರೆ ಇದೇ ಇದೆ. ಇದನ್ನು ಬಿಟ್ಟು ನಾಗೇಶನ ಹಿಂದೆ ಹೋದದ್ದು ಯಾವ ವಿಧಾನವೋ ನಾನರಿಯೆ.

ಧಾವಕನ ಹೆಸರು ಕಾಣುವ ಇನ್ನೊಂದು ಜಾಗ ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆ. ಕಾಳಿದಾಸ ಅಲ್ಲಿ ತನ್ನ ಹಿಂದಿನ ನಾಟಕಕಾರರನ್ನು ನೆನೆಯುವಾಗ ಭಾಸನ ಬದಲು ಕೆಲವು ಪ್ರತಿಗಳಲ್ಲಿ ಧಾವಕನೆಂದಿದೆ. ಅದು ನಿಜವಾದರೆ ಧಾವಕ ಕಾಳಿದಾಸನಿಗಿಂತ ಹಿಂದಿನವನು, ಕನೂಜಿನ ಹರ್ಷನಿಂದ ಒಂದು ಕಾಸನ್ನೂ ಪಡೆಯಲಾರ. ‘ರತ್ನಾವಳಿ’ಯನ್ನು 1089–1101ರ ಕಾಶ್ಮೀರದ ಹರ್ಷನಿಗೆ ಕೊಟ್ಟ ವಿಲ್ಸನ್‌ನ ವಾದವನ್ನು ಇಲ್ಲಿ ಬೆಳೆಸಬೇಕಾಗಿಲ್ಲ. 8ನೆಯ ಶತಮಾನದ ದಾಮೋದರಗುಪ್ತನೇ ‘ಕುಟ್ಟನೀಮತ’ದಲ್ಲಿ ‘ರತ್ನಾವಳಿ’ಯ ಪ್ರಯೋಗವನ್ನು ವರ್ಣಿಸಿದ್ದಾನೆ.

ಹರ್ಷನ ಪರವಾಗಿ ಇರುವುದೇನು? ‘ರತ್ನಾವಳಿ’, ‘ಪ್ರಿಯದರ್ಶಿಕಾ’, ‘ನಾಗಾನಂದ’ ಮೂರರ ಪ್ರಸ್ತಾವನೆಯಲ್ಲೂ ಅವನನ್ನು ನಿಪುಣ ಕವಿಯೆಂದು ಕರೆಯುವ ಒಂದೇ ಪದ್ಯವಿದೆ. ಹರ್ಷ ತೀರಿ ಅರ್ಧ ಶತಮಾನ ಕಳೆಯುವುದರೊಳಗೆ ಬರೆದ ಚೀನೀ ಯಾತ್ರಿಕ ಇತ್ಸಿಂಗ್, ನಾಗನ ಬದಲು ತನ್ನನ್ನೇ ಒಪ್ಪಿಸಿಕೊಂಡ ಜೀಮೂತವಾಹನನ ಕಥೆಯನ್ನು ಶೀಲಾದಿತ್ಯ ರಾಜ ಪದ್ಯಕ್ಕಿಳಿಸಿದ, ಅದಕ್ಕೆ ಸಂಗೀತ ಕೂಡಿಸಿ ನೃತ್ಯ ಅಭಿನಯಗಳೊಡನೆ ಆಡಿಸಿದ ಎನ್ನುತ್ತಾನೆ. ಶೀಲಾದಿತ್ಯ ಹರ್ಷನದೇ ಬಿರುದು, ಕಥೆ ‘ನಾಗಾನಂದ’ದ್ದು. ಅರಸ ಮಾಡಿದ ಎಂದರೆ ಮಾಡಿಸಿದ ಎಂದೂ ಆಗಬಹುದು ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. 628ರ ಬಾಂಸ್‌ಖೇಡಾ ತಾಮ್ರಶಾಸನದಲ್ಲಿ ಕಾಣುವ ಹರ್ಷನ ಸ್ವಹಸ್ತದ ರುಜು ಬಲು ಸೊಗಸಾದದ್ದು. ರುಜು ಸೊಗಸಾಗಿದ್ದ ಮಾತ್ರಕ್ಕೆ ನಾಟಕವೂ ಅವನದೇ ಎನ್ನಲಾಗದು. ಹರ್ಷನೊಬ್ಬನೇ ಕುಳಿತು ಪ್ರತಿ ಪದ್ಯ ಬರೆದನೆಂದು ನಾನು ಸಾಧಿಸುತ್ತಿಲ್ಲ. ಮಮ್ಮಟ ಅವನ ವಿರುದ್ಧದ ಸಾಕ್ಷಿಯಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಅರಸನ ಹೆಸರು, ಬರೆದವನ ಕೈ, ಇವೆರಡನ್ನೂ ಬೇರೆಬೇರೆಯಾಗಿ ದಾಖಲಿಸುವುದು ಈ ನಾಡಿಗೆ ಬಹು ಹಳೆಯ ರೂಢಿ. ಸಾಲಗುಂದದಲ್ಲಿ ಕುಳಿತು ಬರೆಯುವ ನನಗೆ ಇದಕ್ಕೆ ಹತ್ತಿರದ ನಿದರ್ಶನ ನೆರೆಯೂರು ಮಸ್ಕಿಯ ಅಶೋಕಶಾಸನ. 1837ರಲ್ಲಿ ಪ್ರಿನ್ಸೆಪ್ ಓದಿದ ಶಾಸನಗಳ ದೇವಾನಾಂಪ್ರಿಯ ಯಾರು ಎಂಬುದಕ್ಕೆ ಮೊದಲು ಸಿಂಹಳದ ಅರಸನ ಹೆಸರು ಬಂತು, ಟರ್ನರ್ ಪಾಲಿ ವಂಶಕಥೆಗಳ ಬಲದಿಂದ ಅಶೋಕನೆಂದ. ಶಾಸನದಲ್ಲೇ ಆ ಹೆಸರು ಕಂಡದ್ದು 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯನ್ನು ಗುರುತಿಸಿದಾಗ. ತುಂಗಭದ್ರೆಯ ಆಚೆಗಿನ ನಿಟ್ಟೂರು, ಉದೇಗೊಳಗಳಲ್ಲೂ ಆಮೇಲೆ ಅದೇ ಹೆಸರು ಸಿಕ್ಕಿತು. ಮಾತು ಅಶೋಕನದಾದರೂ ಅದನ್ನು ಬರೆದ ಲಿಪಿಕಾರ ಚಪಡ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ತನ್ನ ಹೆಸರು ಕೊರೆದಿದ್ದಾನೆ, ಲಿಪಿಕಾರನೆಂಬ ಮಾತನ್ನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ.

634ರಲ್ಲಿ, ಹರ್ಷ ಇನ್ನೂ ಬದುಕಿದ್ದಾಗಲೇ, ಅವನನ್ನು ತಡೆದ ಪುಲಕೇಶಿಯ ಪ್ರಶಸ್ತಿಯನ್ನು ಐಹೊಳೆಯಲ್ಲಿ ಬರೆದ ರವಿಕೀರ್ತಿ ಅರಸನ ಹೊಗಳಿಕೆಯ ಕೊನೆಗೆ ತನ್ನನ್ನೂ ಕಾಳಿದಾಸ ಭಾರವಿಗಳಿಗೆ ಸಮನೆಂದು ನಿಲ್ಲಿಸಿಕೊಂಡ. ಅರಸನ ಹೆಸರು, ಬರೆದವನ ಕೈ ಇವೆರಡರ ನಡುವಣ ಸ್ಥಿತಿಗೂ ‘ಕವಿರಾಜಮಾರ್ಗ’ ಒಂದು ಹೆಸರು ಕೊಟ್ಟಿತು: ಅದು ನೃಪತುಂಗದೇವಾನುಮತವಾದ ಕೃತಿ. 1898ರಲ್ಲಿ ಅದನ್ನು ಪ್ರಕಟಿಸಿದ ಕೆ. ಬಿ. ಪಾಠಕರು ನೃಪತುಂಗನೇ ಕರ್ತೃವೆಂದರು, ಮುಂದಿನವರು ಶ್ರೀವಿಜಯನೆಂದರು. ಈ ಚರ್ಚೆಯಲ್ಲಿ ಶ್ರೀವಿಜಯನ ಪಕ್ಷವೇ ನನ್ನದು. ಆದರೆ ಶ್ರೀವಿಜಯ ಹಣಕ್ಕೆ ಹೆಸರು ಮಾರಿದನೆಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಅರಸನ ಅನುಮತ, ಕವಿಯ ರಚನೆ ಎರಡೂ ಕೃತಿಯಲ್ಲೇ ಉಳಿದಿವೆ.

ಚಿಕದೇವರಾಜನ ಪ್ರಶ್ನೆಗೂ ಇದೇ ದಾರಿ. ‘ಚಿಕದೇವರಾಜ ಬಿನ್ನಪ’, ‘ಗೀತಗೋಪಾಲ’ಗಳು ಅರಸನವಲ್ಲ, ಮಂತ್ರಿ ತಿರುಮಲಾರ್ಯನವು ಎಂಬ ಅನುಮಾನಕ್ಕೆ ಕಾರಣಗಳಿವೆ. ಆ ಕಾರಣಗಳನ್ನು ಕೃತಿಗಳ ಒಳಗೇ ಹುಡುಕಬೇಕು: ‘ಬಿನ್ನಪ’ದ ಗದ್ಯವನ್ನು ತಿರುಮಲಾರ್ಯನ ‘ಚಿಕದೇವರಾಜ ವಂಶಾವಳಿ’ಯ ಗದ್ಯದೊಡನೆ ವಾಕ್ಯಕ್ಕೆ ವಾಕ್ಯ ಹೋಲಿಸಬೇಕು, ಶ್ರೀವೈಷ್ಣವ ತತ್ತ್ವದ ನಿರೂಪಣೆಯನ್ನೂ ಹೋಲಿಸಬೇಕು. ಅರಸರು ಕೃತಿ ಕೊಳ್ಳುವುದು ಹರ್ಷನ ಕಾಲದಿಂದ ನಡೆದುಬಂದದ್ದೇ ಎಂದು ಧಾವಕನನ್ನು ಪೂರ್ವನಿದರ್ಶನವಾಗಿ ಎಳೆದು ತರುವಂತಿಲ್ಲ. ಆ ಆಸ್ಥಾನದಲ್ಲೇ ಇದಕ್ಕೆ ಎದುರಾದ ಸಾಕ್ಷ್ಯವೂ ಇದೆ. ತಿರುಮಲಾರ್ಯ ‘ಅಪ್ರತಿಮವೀರಚರಿತೆ’ಯನ್ನು ತನ್ನ ಹೆಸರಿನಲ್ಲೇ ಬರೆದ. ಅವನ ತಮ್ಮ ಸಿಂಗರಾರ್ಯ ಹರ್ಷನ ನಾಟಕವನ್ನು ಕನ್ನಡಕ್ಕೆ ತಂದು ಕೃಷ್ಣನ ಕಥೆಯಾಗಿಸಿದಾಗ ‘ಮಿತ್ರವಿಂದಾಗೋವಿಂದ’ವನ್ನು ಅರಸನ ಹೆಸರಿಗೆ ಬರೆದುಕೊಡಲಿಲ್ಲ. ಅದು ಸಿಂಗರಾರ್ಯನದಾಗಿಯೇ ನಮಗೆ ಬಂದಿದೆ.