ಹೊಲದ ಅಂಚಿನ ಪಾಲು

ಯೆಹೂದಿ ಧರ್ಮಗ್ರಂಥವಾದ ತೋರಾದ ಮೂರನೆಯ ಭಾಗ, ಯಾಜಕಕಾಂಡವು ತನ್ನ 23ನೆಯ ಅಧ್ಯಾಯದಲ್ಲಿ ಹಬ್ಬಗಳನ್ನು ವಿವರಿಸುತ್ತಾ, ಕೊಯ್ಲಿನ ಹಬ್ಬವಾದ ಶಾವುವೋತ್‌ನ ವಿಧಿಗಳು ಮುಗಿದೊಡನೆ, ಹೊಲದ ಅಂಚಿನ ಬೆಳೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಆಜ್ಞೆಯನ್ನು ಇರಿಸಿರುವುದು ಆಕಸ್ಮಿಕವೆನ್ನಲಾಗದು. 'ಪೇಆ' ಎಂದು ಕರೆಯಲಾದ ಈ ಪಾಲಿಗೆ ತೋರಾ ಅಳತೆ ಹೇಳಿರಲಿಲ್ಲ; ಆದರೆ ಸುಮಾರು ಕ್ರಿ.ಶ. 200ರ ವೇಳೆಗೆ ಗಲಿಲಾಯದಲ್ಲಿ ಸಂಕಲನಗೊಂಡ ಧರ್ಮಶಾಸ್ತ್ರ ಸಂಹಿತೆಯಾದ ಮಿಷ್ನಾ, ಅದು ಅರುವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಬಾರದೆಂದೂ, ಹೊಲದ ವಿಸ್ತಾರ ಮತ್ತು ಬಡವರ ಸಂಖ್ಯೆಗೆ ತಕ್ಕಂತಿರಬೇಕೆಂದೂ ವಿಧಿಸಿತು. ಬಡವರೇ ಬಂದು ಕೊಯ್ದುಕೊಳ್ಳುವುದು ಸಾಮಾನ್ಯ ಕ್ರಮವಾಗಿದ್ದು, ಅದು ಯಾರಿಗೆ ಸಲ್ಲಬೇಕೆಂದು ಆರಿಸುವ ಅಧಿಕಾರ ಒಡೆಯನಿಗೆ ಇರಲಿಲ್ಲವಾದ್ದರಿಂದ, ಕೊಡುವವನ ಅಹಂಕಾರಕ್ಕೂ ಪಡೆಯುವವನ ದೈನ್ಯಕ್ಕೂ ಆಸ್ಪದ ತಗ್ಗಿಸಿದ ಈ ಏರ್ಪಾಡು ಪ್ರಾಚೀನ ಕೃಷಿಸಮಾಜದ ಉದಾತ್ತ ಸಾಧನೆಗಳಲ್ಲಿ ಒಂದು. ಬೋವಜನ ಹೊಲದಲ್ಲಿ ಹಕ್ಕಲಾಯ್ದ ಮೋವಾಬಿನ ವಿಧವೆ ರೂತಳ ಕಥೆಯನ್ನು ಅದೇ ಹಬ್ಬದಂದು ಸಿನಗಾಗುಗಳಲ್ಲಿ, ಎಂದರೆ ಯೆಹೂದಿ ಪ್ರಾರ್ಥನಾಮಂದಿರಗಳಲ್ಲಿ, ಓದುವ ರೂಢಿ ಮುಂದೆ ಬೆಳೆದುಬಂತು.