ಕಿಲ್ಲೇದಾರನ ಜಾಗದಲ್ಲಿ ಕೂತವನು: ವಾಲ್ಟರ್ ಸ್ಕಾಟ್‌ನ ಬೆಂಗಳೂರು ಮತ್ತು 1791ರ ಮುತ್ತಿಗೆ

ವಾಲ್ಟರ್ ಸ್ಕಾಟ್‌ನ ‘ದಿ ಸರ್ಜನ್ಸ್ ಡಾಟರ್’ (1827) ಬೆಂಗಳೂರಿನಲ್ಲಿ ಮುಗಿಯುತ್ತದೆ. ಇಂಡಿಯಾ ಕಾಣದವನ ಕಟ್ಟುಕತೆಯೆಂದು ಒಂದೇ ಸಾಲಿನಲ್ಲಿ ಅದರಿಂದ ಕೈತೊಳೆದುಕೊಳ್ಳುವವರು ಆಧಾರವಾಗಿ ತೋರಿಸುವುದು ಕೃತಿಯ ಪೀಠಿಕೆಯನ್ನೇ. ಅಲ್ಲಿ ನಿರೂಪಕ ಕ್ರಾಫ್ಟಾಂಗ್ರಿಗೆ ಅವನ ವಕೀಲ ಗೆಳೆಯ ಫೇರ್‌ಸ್ಕ್ರೈಬ್, ಇಂಡಿಯಾದ ಕತೆ ಬರಿ, ಏನೂ ತಿಳಿಯದಿದ್ದರೆ ಇನ್ನೂ ಸೊಗಸಾಗಿ ಬರೆದೀಯೆ ಎಂಬರ್ಥದ ಸಲಹೆ ಕೊಡುತ್ತಾನೆ. ಇದನ್ನು ಸ್ಕಾಟ್‌ನ ತಪ್ಪೊಪ್ಪಿಗೆಯೆಂದು ಓದುವುದು ಸೋಮಾರಿತನ.

ಕ್ರಾಫ್ಟಾಂಗ್ರಿ ಕಲ್ಪಿತ ಪಾತ್ರ. ಸ್ಕಾಟ್‌ಗಾದರೋ ಇಂಡಿಯಾದಲ್ಲಿದ್ದು ಬಂದ ಕರ್ನಲ್ ಜೇಮ್ಸ್ ಫರ್ಗುಸನ್ ವಿವರ ಒದಗಿಸಿದ್ದ. ಹಾಗಿದ್ದೂ ನಿರೂಪಕನನ್ನು ಬೇಕೆಂದೇ ಅಜ್ಞಾನಿಯಾಗಿಸಿದ್ದಾನೆ. ಕೊನೆಗೆ ಕತೆಯನ್ನು ಕೂಟವೊಂದರಲ್ಲಿ ಓದಿದಾಗ ಹೆಂಗಸರ ಕಿವಿ ನೆಟ್ಟಗಾಗುವುದು ಶಾಲು, ವಜ್ರಗಳ ಹೆಸರಿಗೆ! ಕತೆ ತನ್ನ ಗಿರಾಕಿಗಳನ್ನೇ ಗೇಲಿ ಮಾಡುತ್ತಿದೆ. (ತನ್ನನ್ನು ತಾನೇ ಶಂಕಿಸುವ ಕಥನ ಬೋರ್ಹೆಸ್, ಕ್ಯಾಲ್ವಿನೋ ತಂದ ಹೊಸ ಸರಕೆಂದು ಪಾಠ ಹೇಳುವ ನಮ್ಮ ಆಧುನಿಕೋತ್ತರ ಪಂಡಿತರು ಈ ಪುಟಗಳನ್ನು ಒಮ್ಮೆ ತಿರುವಿ ಹಾಕಲಿ.)

ನನ್ನ ತಕರಾರಿನ ಮುಖ್ಯ ಆಧಾರ ಕಿಲ್ಲೇದಾರಿಕೆಯ, ಎಂದರೆ ಕೋಟೆಯ ಮುಖ್ಯಾಧಿಕಾರದ, ಪ್ರಸಂಗ. ವೈದ್ಯನ ಮನೆಯಲ್ಲೇ ಬೆಳೆದ ರಿಚರ್ಡ್ ಮಿಡಲ್‌ಮಸ್, ಆ ವೈದ್ಯನ ಮಗಳು ಮೆನಿ ಗ್ರೇಯನ್ನು ಟಿಪ್ಪುವಿಗೆ ಒಪ್ಪಿಸಿ ಬೆಂಗಳೂರಿನ ಕಿಲ್ಲೇದಾರನಾಗಬೇಕು, ಆಮೇಲೆ ಕೋಟೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಡಬೇಕು ಎಂಬುದು ಹಂಚಿಕೆ. ಹೈದರ್ ಅದನ್ನು ಮುರಿಯುತ್ತಾನೆ. ಮರ್ಯಾದೆಗೆಂದು ತಂದ ಆನೆಯೇ ಮಿಡಲ್‌ಮಸ್‌ನನ್ನು ತುಳಿದುಹಾಕುತ್ತದೆ. ಹೈದರ್ ತೀರಿಕೊಂಡದ್ದು 1782ರಲ್ಲಿ. ಆದರೆ ಕತೆಯೊಳಗಿನ ದಿಗಿಲು 1791ರದೆಂದೇ ನನ್ನ ಎಣಿಕೆ. ಆ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲಿನಿಂದ ಪೇಟೆಗೆ ನುಗ್ಗಿತು, ಕರ್ನಲ್ ಮೂರ್‌ಹೌಸ್ ಅಲ್ಲೇ ಬಿದ್ದ. 21ರ ರಾತ್ರಿ ಕೋಟೆ ಬಿತ್ತು. ಕಿಲ್ಲೇದಾರ ಬಹಾದುರ್ ಖಾನ್ ಕಾದಾಡುತ್ತಲೇ ಸತ್ತ.

ಇನ್ನು ಕೋಟೆ ಬಿದ್ದದ್ದರ ಹಿಂದೆ ಒಳದ್ರೋಹವಿತ್ತೆಂಬ ಮಾತು. ಕಿರ್ಮಾನಿಯ ಪಾರಸಿ ಇತಿಹಾಸ ಟಿಪ್ಪುವಿನ ಅಧಿಕಾರಿ ಕೃಷ್ಣರಾವ್‌ನತ್ತ ಬೆರಳು ಮಾಡುತ್ತದೆ. ಮೈಲ್ಸ್ ಅದನ್ನು ಇಂಗ್ಲಿಷಿಗೆ ತಂದದ್ದು 1840ರ ದಶಕದಲ್ಲಿ; ಆ ಹೊತ್ತಿಗೆ ಸ್ಕಾಟ್ ತೀರಿಕೊಂಡು ವರ್ಷಗಳೇ ಆಗಿದ್ದವು. ಆದ್ದರಿಂದ ಕಿರ್ಮಾನಿಯಿಂದ ಎತ್ತಿಕೊಂಡನೆಂಬ ವಾದ ನಿಲ್ಲದು. ವಿಲ್ಕ್ಸ್‌ನ ಮೈಸೂರು ಚರಿತ್ರೆ 1817ರೊಳಗೆ ಅಚ್ಚಾಗಿತ್ತಾದರೂ ಅದನ್ನೇ ಓದಿ ಬರೆದನೆಂದು ನಾನು ಹಠ ಹಿಡಿಯಲಾರೆ. ಹೋಲಿಕೆಗಿಂತ ವ್ಯತ್ಯಾಸವೇ ಇಲ್ಲಿ ಹೆಚ್ಚು ಹೇಳುತ್ತದೆ. ನಿಷ್ಠೆಯಿಂದ ಪ್ರಾಣ ಬಿಟ್ಟ ಕಿಲ್ಲೇದಾರನ ಜಾಗದಲ್ಲಿ ಸ್ಕಾಟ್ ಕೂರಿಸಿದ್ದು ತನ್ನ ನಾಡಿನಲ್ಲೇ ಹುಟ್ಟಿ ಬೆಳೆದ ದ್ರೋಹಿಯನ್ನು. ಅಜ್ಞಾನದಿಂದ ಇಂಥ ಅದಲುಬದಲು ಆಗುವುದಿಲ್ಲ.

ಸ್ಕಾಟ್‌ನ ಮೇಲೆ ದೂರು ಹೊರಿಸಲೇಬೇಕೆಂದರೆ ಬೇರೆಯದಿದೆ. ಮೇವು ಮುಗಿದಾಗ ಸೈನ್ಯದ ದನಗಳಿಗಾಗಿ ಪೇಟೆಯ ಮನೆಗಳ ಹುಲ್ಲಿನ ಮಾಡನ್ನೇ ಕಿತ್ತದ್ದು ಇಂಗ್ಲಿಷರ ವೃತ್ತಾಂತಗಳಲ್ಲೇ ಬರುತ್ತದೆ. ಸತ್ತ ಇಂಗ್ಲಿಷ್ ಅಧಿಕಾರಿಗಳ ನೆನಪಿಗೆ ಹಲಸೂರು ಬಾಗಿಲ ಬಳಿ ಕಲ್ಲುಕಂಬವೂ ಎದ್ದಿತ್ತು, 1964ರಲ್ಲಿ ಅದನ್ನು ಕೆಡವಿದರು. ಮಾಡು ಕಳೆದುಕೊಂಡ ಪೇಟೆಯವರ ಪೈಕಿ ಯಾರಿಗೂ ಆ ವೃತ್ತಾಂತಗಳಲ್ಲಿ ಹೆಸರಿಲ್ಲ. ಬೆಂಗಳೂರಿನಲ್ಲೇ ಮುಗಿಯುವ ಈ ಕತೆಯೂ ಅವರಿಗೊಂದು ಪಾತ್ರ ಕೊಡಲಿಲ್ಲ.