ಒಂದೇ ಚಪ್ಪಡಿಯ ನಾಲ್ಕು ಶಾಸನಗಳು

ಪರಸ್ಪರ ಸಂಬಂಧವುಳ್ಳ ಹಲವು ಬರಹಗಳನ್ನು ಚದುರಲು ಬಿಡದೆ ಒಂದೆಡೆ ಕೂಡಿಸಿಡುವ ಕೆಲಸವು ಇಂದು ಗಣಕಯಂತ್ರದಲ್ಲಿ, ವರ್ಡ್‌ನಂಥ ಪದಸಂಸ್ಕಾರಕ ತಂತ್ರಾಂಶದ ಒಂದೇ ಕಡತದೊಳಗೆ ನಡೆಯುತ್ತದೆಯಾದರೂ, ಚಿತ್ತಾಪುರ ಸೀಮೆಯಲ್ಲಿ ಅದಕ್ಕೆ ಎರಡು ಸಾವಿರ ವರ್ಷಗಳಿಗೂ ಮೀರಿದ ಪೂರ್ವೇತಿಹಾಸವಿದೆ. ವಾಡಿ ಮತ್ತು ಯಾದಗಿರಿಗಳ ನಡುವಿನ ರೈಲುಮಾರ್ಗದಲ್ಲಿರುವ ನಾಲವಾರದಿಂದ ಹೆಚ್ಚು ದೂರವಿಲ್ಲದ, ಭೀಮಾನದಿಯ ದಡದ ಸನ್ನತಿಯಲ್ಲಿ ದೊರೆತ ಅಶೋಕನ ಶಾಸನಗಳ ಕಲ್ಲುಚಪ್ಪಡಿಯೇ ಇದಕ್ಕೆ ಅತ್ಯಂತ ಹಳೆಯ ಸಾಕ್ಷಿ.

ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಗುಡಿಯ ಚಾವಣಿಯು 1980ರ ದಶಕದ ಉತ್ತರಾರ್ಧದಲ್ಲಿ ಕುಸಿದ ತರುವಾಯ ಬೆಳಕಿಗೆ ಬಂದ ಈ ಚಪ್ಪಡಿಯು ಅಲ್ಲಿಯವರೆಗೆ ದೇವಿಯ ವಿಗ್ರಹಕ್ಕೆ ಪೀಠವಾಗಿತ್ತು. ವಿಗ್ರಹವನ್ನು ನಿಲ್ಲಿಸಲು ನಡುವೆ ಕೊರೆದ ರಂಧ್ರದಿಂದಾಗಿ ಕೆಲವು ಅಕ್ಷರಗಳು ಅಳಿದುಹೋಗಿವೆ. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿಯ ಈ ಕಲ್ಲಿನ ಒಂದು ಮುಖದಲ್ಲಿ ಅಶೋಕನ ಬಂಡೆಶಾಸನಗಳ ಮಾಲೆಯ 12 ಮತ್ತು 14ನೆಯ ಶಾಸನಗಳ ಪಾಠವಿದ್ದರೆ, ಇನ್ನೊಂದು ಮುಖದಲ್ಲಿ ‘ಪ್ರತ್ಯೇಕ ಶಾಸನ’ಗಳೆಂದು ವಿದ್ವಾಂಸರು ಕರೆಯುವ, ಅಧಿಕಾರಿಗಳನ್ನು ಉದ್ದೇಶಿಸಿದ ಎರಡು ಆಜ್ಞೆಗಳ ಭಾಗಗಳಿವೆ. ಈ ಪ್ರತ್ಯೇಕ ಶಾಸನಗಳು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿಯೂ ಇವೆ. ಆದರೆ ಅಲ್ಲಿ 11ರಿಂದ 13ರವರೆಗಿನ ಶಾಸನಗಳನ್ನು ಕೈಬಿಡಲಾಗಿದೆ, ಮತ್ತು ಕಳಿಂಗ ಯುದ್ಧದ ಸಾವುನೋವನ್ನು ಹೇಳುವ 13ನೆಯದು ಕಳಿಂಗದ ಜನರ ಕಣ್ಣಿಗೆ ಬೀಳದಂತಾಗಿರುವುದು ಆಕಸ್ಮಿಕವಾಗಿರಲಾರದು. ಅನ್ಯಪಂಥಗಳನ್ನು ಗೌರವಿಸಬೇಕೆಂಬ 12ನೆಯ ಶಾಸನವನ್ನು ಉಳಿಸಿಕೊಂಡಿರುವ ಸನ್ನತಿಯ ಜೋಡಣೆಯು ಆ ಎರಡಕ್ಕಿಂತ ಬೇರೆಯಾಗಿರುವುದರಿಂದ, ಯಾವ ಬರಹದ ಪಕ್ಕದಲ್ಲಿ ಯಾವುದಿರಬೇಕೆಂಬುದು ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತಿತ್ತೆಂದು ತಿಳಿಯಬಹುದು.

14ನೆಯ ಶಾಸನದ ವಿಷಯವೇ ಈ ಜೋಡಣೆ. ಧರ್ಮಲಿಪಿಗಳು, ಎಂದರೆ ಅಶೋಕನ ಈ ಶಾಸನಗಳು, ಕೆಲವೆಡೆ ಸಂಕ್ಷಿಪ್ತವಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಇವೆಯೆಂದೂ, ರಾಜ್ಯ ದೊಡ್ಡದಾದ್ದರಿಂದ ಎಲ್ಲವೂ ಎಲ್ಲೆಡೆ ಒಟ್ಟುಗೂಡಿಲ್ಲವೆಂದೂ, ಕೆಲವು ಮಾತುಗಳು ತಮ್ಮ ಸೊಗಸಿನಿಂದಾಗಿ ಮರುಕಳಿಸಿವೆಯೆಂದೂ, ಎಲ್ಲಿಯಾದರೂ ಅಪೂರ್ಣತೆಯಿದ್ದರೆ ಅದಕ್ಕೆ ಲಿಪಿಕಾರನ ದೋಷವೂ ಕಾರಣವಿರಬಹುದೆಂದೂ ಅದು ತಿಳಿಸುತ್ತದೆ. ಇದನ್ನು ಉಳಿದವುಗಳಂತೆ ಧರ್ಮೋಪದೇಶವೆಂದು ಓದುವುದಕ್ಕಿಂತ ಸಂಪಾದಕನ ಟಿಪ್ಪಣಿಯೆಂದು ಓದುವುದೇ ಯುಕ್ತ. ತಪ್ಪನ್ನು ಬರೆಯುವವನ ತಲೆಗೆ ಕಟ್ಟುವ ರೂಢಿಯೂ ಅಷ್ಟೇ ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

ಬರಹಗಳನ್ನು ಕೂಡಿಸಿಡುವ ಕೆಲಸಕ್ಕೆ ಇನ್ನೊಂದು ಸಾಕ್ಷಿಯಾದ, ಚಿತ್ತಾಪುರಕ್ಕೆ ಹತ್ತಿಕೊಂಡಿರುವ ನಾಗಾವಿಯ 1058ರ ಶಾಸನವು ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ್ದು. ಅದರ ಪ್ರಕಾರ ಅಲ್ಲಿನ ಘಟಿಕಾಸ್ಥಾನದಲ್ಲಿ, ಎಂದರೆ ಉನ್ನತ ವಿದ್ಯಾಕೇಂದ್ರದಲ್ಲಿ, ವೇದ ಕಲಿಯುವ 200 ವಿದ್ಯಾರ್ಥಿಗಳಿಗೆ ವ್ಯವಸ್ಥೆಯಿತ್ತು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಅಧ್ಯಾಪಕರಿದ್ದರೆ, ಗ್ರಂಥಗಳನ್ನು ಕಾಯುವ ಸರಸ್ವತೀಭಂಡಾರಿಗರು ಆರು ಮಂದಿ. ಕಲಿಸುವವರಷ್ಟೇ ಸಂಖ್ಯೆಯಲ್ಲಿ ಗ್ರಂಥಪಾಲಕರನ್ನು ನೇಮಿಸಿದ್ದು ಉದಾರತೆಯಂತೆ ಕಂಡರೂ, ಓಲೆಗರಿಯ ಸ್ವಭಾವ ಬಲ್ಲವರಿಗೆ ಅದು ಅವಶ್ಯಕತೆಯೆಂದೇ ತೋರೀತು. ಗರಿಗಳಿಗೆ ರಂಧ್ರ ಮಾಡಿ ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಬಿಗಿಯುವ ಕಟ್ಟಿನಲ್ಲಿ ಎಷ್ಟೋ ವೇಳೆ ಒಂದಕ್ಕಿಂತ ಹೆಚ್ಚು ಕೃತಿಗಳಿರುತ್ತಿದ್ದು, ಒಂದರ ಮುಕ್ತಾಯವಾಕ್ಯದ ಬೆನ್ನಿಗೇ ಇನ್ನೊಂದು ಆರಂಭವಾಗುತ್ತಿತ್ತು. ದಾರ ಹರಿದರೆ ಯಾವ ಗರಿ ಯಾವ ಕೃತಿಯದೆಂದು ಗುರುತಿಸುವುದೇ ದೊಡ್ಡ ಕೆಲಸವಾಗುತ್ತಿತ್ತು.

ಇಂದಿನ ಪದಸಂಸ್ಕಾರಕದಲ್ಲಿ ಒಂದು ಬರಹಕ್ಕೂ ಇನ್ನೊಂದಕ್ಕೂ ನಡುವಿನ ಈ ಗಡಿಯನ್ನು ‘ಸೆಕ್ಷನ್ ಬ್ರೇಕ್’ ಎಂಬ ವಿಭಾಗಸೂಚನೆಯು ಕಾಯುತ್ತದೆ. ಅದರಿಂದಾಗಿ ಒಂದೇ ಕಡತದೊಳಗಿನ ಅರ್ಜಿ, ನಡಾವಳಿ, ಅನುಬಂಧಗಳು ತಮ್ಮತಮ್ಮ ಪುಟಸಂಖ್ಯೆ ಮತ್ತು ಮೇಲ್ಬರಹಗಳನ್ನು ಉಳಿಸಿಕೊಳ್ಳಬಲ್ಲವು. ‘ಮಾಸ್ಟರ್ ಡಾಕ್ಯುಮೆಂಟ್’ ಎಂಬ ಇನ್ನೊಂದು ಕ್ರಮದಲ್ಲಿ ಮುಖ್ಯ ಕಡತವು ಉಪಕಡತಗಳ ಕೊಂಡಿಗಳನ್ನು ಮಾತ್ರ ಹೊಂದಿರುವುದರಿಂದ, ಉಪಕಡತವನ್ನು ಬೇರೆಡೆಗೆ ಸರಿಸಿದರೆ ಕೊಂಡಿ ಕಳಚುತ್ತದೆ. ಕನ್ನಡದಲ್ಲಿ ಇದರ ಮೇಲೊಂದು ತೊಡಕಿದೆ: ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಪತ್ರವನ್ನು ಯೂನಿಕೋಡ್‌ನಲ್ಲಿ ಬರೆದ ಪತ್ರದೊಂದಿಗೆ ಕೂಡಿಸಿ, ಇಡೀ ಕಡತಕ್ಕೆ ಒಂದೇ ಫಾಂಟ್ ಹಾಕಿದಾಗ ಹಳೆಯ ಭಾಗವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುವುದರಿಂದ, ಕೂಡಿಸುವ ಮೊದಲೇ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ.